ಉದ್ದಕ್ಕೆ ಲೋಹ, ಅಡ್ಡಕ್ಕೆ ಉಪ್ಪು

ನಮ್ಮ ಕೆಮಿಸ್ಟ್ರಿ ಮೇಡಂ ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ಉಗುರುಗಳು ಇದ್ದಿಲಿನಂತೆ ಕಪ್ಪಗಿದ್ದವು. ಎಡಗೈ ಉಗುರುಗಳ ಸಂದಿಯಲ್ಲಿ ಸದಾ ಒಂದು ಹಸಿರು ಗೆರೆ. ಕಪ್ಪು ಸಿಲ್ವರ್ ನೈಟ್ರೇಟಿನದು. ತೊಳೆದರೆ ಹೋಗುವಂಥದ್ದಲ್ಲ, ಉಗುರು ಬೆಳೆದು ಕತ್ತರಿಸಿದಾಗಲೇ ಹೋಗುವುದು. ಹಸಿರು ಹಿಪ್ಪುನೇರಳೆ ಸೊಪ್ಪಿನದು. ಇದೆಲ್ಲ ಆಮೇಲೆ ಗೊತ್ತಾಯಿತು. ಮೊದಲ ದಿನ ಕಂಡದ್ದು, ಸ್ಟಾಫ್ ರೂಮಿನ ಕಿಟಕಿ ಪಕ್ಕ ಕುಳಿತು, ಡಬ್ಬಿಯ ಮುಚ್ಚಳದಲ್ಲಿ ಮುದ್ದೆ ಇಟ್ಟುಕೊಂಡು, ಆ ಕಪ್ಪು ಉಗುರುಗಳಿಂದ ಮುರಿದು ಉಪ್ಸಾರಿನಲ್ಲಿ ಅದ್ದಿ ನುಂಗುತ್ತಿದ್ದ ಒಬ್ಬ ಹೆಂಗಸು. ಪ್ರಾಜೆಕ್ಟಿಗೆ ಬಂದೆಯಾ, ಊಟ ಆಯಿತಾ ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಅದೇ ಕೈಯಿಂದ ಒಂದು ತುತ್ತು ಮುರಿದು ನನ್ನ ಕಡೆ ಚಾಚಿದರು. ಊಟ ಆಯಿತು ಅಂದೆ. ಆಗಿರಲಿಲ್ಲ. ಆ ಮಧ್ಯಾಹ್ನ ನನ್ನಿಂದ ಏನೂ ತಿನ್ನಲಾಗಲಿಲ್ಲ.

ನಾನು ಗೌರಿಬಿದನೂರಿನವಳು. ನಮ್ಮ ನಡುಮನೆಯಲ್ಲಿ ಬುದ್ಧನ ಫೋಟೊ ಇದೆ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಅಪ್ಪನ ಅಮ್ಮ ಊರ ಬಾವಿಯಿಂದ ದೂರ ನಿಂತು, ಯಾರಾದರೂ ನೀರು ಹುಯ್ಯಲಿ ಎಂದು ಕಾದವರು. ಅದಕ್ಕೋ ಏನೋ, ಯಾರೂ ಬೆರಳು ತೋರಿಸಬಾರದು ಎಂದು ಅಪ್ಪ ನಮ್ಮನ್ನು ವಿಪರೀತ ಶುಭ್ರವಾಗಿ ಬೆಳೆಸಿದರು. ಇಸ್ತ್ರಿ ಇಲ್ಲದ ಯೂನಿಫಾರ್ಮ್ ಹಾಕಿದ ನೆನಪು ನನಗಿಲ್ಲ. ಬಸ್ಸಿನ ಕಂಬಿ ಹಿಡಿದರೆ ಇಳಿದ ತಕ್ಷಣ ಕೈ ತೊಳೆಯಬೇಕು. ಇನ್ನೊಬ್ಬರು ಕುಡಿದ ಲೋಟ ಎಷ್ಟು ತೊಳೆದರೂ ನನ್ನ ಕಣ್ಣಿಗೆ ಅವರ ತುಟಿ ಕಾಣುತ್ತದೆ. ಚಿಕ್ಕಬಳ್ಳಾಪುರದ ಹಾಸ್ಟೆಲಿನಲ್ಲಿ ಇದ್ದುಕೊಂಡು ಎಂಎಸ್ಸಿ ಮಾಡುತ್ತಿದ್ದಾಗ ಜೊತೆಯ ಹುಡುಗಿಯರು ನನ್ನನ್ನು ಡೆಟಾಲ್ ಎಂದು ಕರೆಯುತ್ತಿದ್ದರು. ಅಂಥವಳಿಗೆ ಕೊನೆಯ ವರ್ಷದ ಪ್ರಾಜೆಕ್ಟಿಗೆ ಈ ಮೇಡಂ ಸಿಕ್ಕರು. ಉಳಿದ ಮೇಷ್ಟ್ರುಗಳ ಹತ್ತಿರ ಜಾಗ ತುಂಬಿಹೋಗಿತ್ತು. ಇವರ ಹತ್ತಿರ ಯಾರೂ ಹೋಗಿರಲಿಲ್ಲ.

ಯಾಕೆ ಹೋಗುವುದಿಲ್ಲ ಎಂದು ಒಂದು ವಾರದಲ್ಲಿ ತಿಳಿಯಿತು. ಅವರ ಸೀರೆಯಿಂದ ರೇಷ್ಮೆ ಹುಳುವಿನ ಮನೆಯ ವಾಸನೆ ಬರುತ್ತಿತ್ತು. ಮಾತಾಡುತ್ತಾ ಗಂಟಲು ಕ್ಯಾಕರಿಸಿ ಕಿಟಕಿಯಾಚೆ ಉಗಿಯುತ್ತಿದ್ದರು. ಕೆಮ್ಮು ಬಂದರೆ ಸೆರಗನ್ನೇ ಬಾಯಿಗೆ ಒತ್ತಿಕೊಂಡು, ಅದೇ ಸೆರಗಿನಲ್ಲಿ ಲ್ಯಾಬಿನ ವಾಚ್‌ಗ್ಲಾಸ್ ಒರೆಸುತ್ತಿದ್ದರು. ಪಾಠ ಮಾತ್ರ ಶುದ್ಧವಾಗಿತ್ತು. ಬೋರ್ಡಿನ ಮೇಲೆ ಅವರು ಬರೆದ ಒಂದು ಗೆರೆಯನ್ನೂ ಅಳಿಸಿ ಬರೆದದ್ದು ನಾನು ನೋಡಿಲ್ಲ.

ಅವರ ಕೆಲಸವೆಲ್ಲ ಪ್ಲಾಟಿನಂನ ಒಂದು ಉಪ್ಪಿನ ಮೇಲೆ. ಅದರ ಅಣುವಿನ ನಡುವೆ ಒಂದು ಪ್ಲಾಟಿನಂ ಪರಮಾಣು, ನಾಲ್ಕು ದಿಕ್ಕಿಗೆ ನಾಲ್ಕು ಸಯನೈಡ್ ತೋಳು. ಒಟ್ಟು ಆಕಾರ ತಟ್ಟೆಯಂತೆ ಚಪ್ಪಟೆ. ಈ ತಟ್ಟೆಗಳು ಒಂದರ ಮೇಲೊಂದು ಕೂರುತ್ತಾ ಹೋದರೆ ನಡುವಿನ ಪ್ಲಾಟಿನಂಗಳೆಲ್ಲ ಒಂದೇ ಸಾಲಿಗೆ, ದಾರಕ್ಕೆ ಪೋಣಿಸಿದಂತೆ, ಬಂದು ನಿಲ್ಲುತ್ತವೆ. ಹಾಗೆಯೇ ಬಿಟ್ಟರೆ ಆ ಸಾಲಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಅಳೆದು ಸ್ವಲ್ಪವೇ ಬ್ರೋಮಿನ್ ಕೊಟ್ಟು, ಸಾಲಿನಿಂದ ಕೆಲವು ಎಲೆಕ್ಟ್ರಾನುಗಳನ್ನು ಕಿತ್ತುಕೊಂಡರೆ ಹರಿಯುತ್ತದೆ. ಕಿತ್ತುಕೊಂಡರೆ ಯಾಕೆ ಹರಿಯಬೇಕು ಎಂದು ನಾನು ಕೇಳಿದಾಗ ಮೇಡಂ ಬೋರ್ಡಿನ ಕಡೆ ಹೋಗಲಿಲ್ಲ.

"ಬೆಳಗ್ಗೆ ಚಿಂತಾಮಣಿ ಬಸ್ ನೋಡಿದ್ದೀಯಲ್ಲ. ಫುಲ್ ಆಗಿದ್ರೆ ಒಬ್ರೂ ಅಲ್ಲಾಡಕ್ಕಾಗಲ್ಲ. ಕೈವಾರ ಕ್ರಾಸಲ್ಲಿ ನಾಲ್ಕು ಜನ ಇಳೀಲಿ, ಹಿಂದಿರೋರೆಲ್ಲ ಮುಂದಕ್ಕೆ ಬರ್ತಾರೆ. ಅಷ್ಟೇ ಕಣಮ್ಮ."

ಬ್ರೋಮಿನ್ ಹೆಚ್ಚಾಗಬಾರದು, ಕಡಿಮೆಯಾಗಬಾರದು. ಎಷ್ಟು ಸೇರಿದೆ ಎಂದು ಸಿಲ್ವರ್ ನೈಟ್ರೇಟ್ ಹಾಕಿ ನೋಡುತ್ತಿದ್ದರು. ಗ್ಲೌಸ್ ಹಾಕಿದರೆ ಹನಿ ಬಿಡುವ ಬ್ಯುರೆಟ್ಟಿನ ಕೀಲಿ ಬೆರಳಿಗೆ ತಿಳಿಯುವುದಿಲ್ಲ ಎಂದು ಬರಿಗೈಯಲ್ಲೇ ಮಾಡುತ್ತಿದ್ದರು. ಉಗುರು ಕಪ್ಪಾದದ್ದು ಹಾಗೆ. ನನಗೆ ಮಾತ್ರ ಗ್ಲೌಸ್ ಇಲ್ಲದೆ ಮುಟ್ಟಲು ಬಿಡುತ್ತಿರಲಿಲ್ಲ.

ಅವರ ಹತ್ತಿರ ಇದ್ದ ಪ್ಲಾಟಿನಂ ಒಂದೇ ಒಂದು ಸಣ್ಣ ಸೀಸೆಯಷ್ಟು. ಹಿಂದೆ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಅವರು ಸಂಶೋಧನೆಗೆ ಸೇರಿದ್ದು, ತಾಯಿಗೆ ಕಾಯಿಲೆಯಾಗಿ ಅರ್ಧಕ್ಕೇ ಬಿಟ್ಟು ಬಂದದ್ದು, ಬರುವಾಗ ಅಲ್ಲಿನ ಗುರುಗಳು ಆ ಸೀಸೆಯನ್ನು ಕೈಗಿಟ್ಟದ್ದು. ಅಂದಿನಿಂದ ಅದೇ ಪ್ಲಾಟಿನಂ. ಪ್ರತಿ ವರ್ಷ, ನನ್ನ ಹಾಗೆ ಬೇರೆಲ್ಲೂ ಜಾಗ ಸಿಗದೆ ಬಂದ ಒಬ್ಬ ವಿದ್ಯಾರ್ಥಿ ಅದನ್ನು ಹರಳಾಗಿ ಬೆಳೆಸಬೇಕು, ಅಳೆಯಬೇಕು, ಕೊನೆಗೆ ತಾನೇ ನೀರಿನಲ್ಲಿ ಕರಗಿಸಿ ಸೀಸೆಗೆ ಹುಯ್ದು ಮುಂದಿನವರಿಗೆ ಬಿಟ್ಟು ಹೋಗಬೇಕು. ಹರಳು ತಾಮ್ರದ ಬಣ್ಣ. ನೀರಿಗೆ ಬಿದ್ದರೆ ಸಾಲು ಮುರಿದು ಬಣ್ಣವೇ ಇಲ್ಲದ ನೀರಾಗುತ್ತದೆ. ನಿಧಾನಕ್ಕೆ ಆರಲು ಬಿಟ್ಟರೆ ತಟ್ಟೆಗಳು ಮತ್ತೆ ಪೇರಿಕೊಂಡು ತಾಮ್ರದ ಸೂಜಿಗಳು ಏಳುತ್ತವೆ. ನನಗಿಂತ ಹಿಂದೆ ಎಷ್ಟು ಜನರ ಕೈಯಲ್ಲಿ ಅದು ಕರಗಿ ಎದ್ದಿತ್ತೋ! ಕೇಳಿದಾಗ ನನಗೆ ಮೊದಲು ನೆನಪಾದದ್ದು ಎಂಜಲು ಲೋಟ.

ಬೇಸಿಗೆ ಶುರುವಾಗಿತ್ತು. ಲ್ಯಾಬಿನಲ್ಲಿ ನಾನು ಬೆಳೆಸಿದ ಸೂಜಿಗಳು ಬೆಳಗ್ಗೆ ಹೊಳೆಯುತ್ತಿದ್ದು, ಮಧ್ಯಾಹ್ನದ ಒಳಗೆ ಮಂಕಾಗಿ ಬಿರುಕು ಬಿಟ್ಟವು. ಮೀಟರಿಗೆ ಹಚ್ಚಿದರೆ ಏನೂ ಇಲ್ಲ. ನನ್ನ ತಪ್ಪು ಏನು ಎಂದು ಹುಡುಕುತ್ತಾ ಕುಳಿತಿದ್ದಾಗ ಮೇಡಂ ನೋಡಿ ನಕ್ಕರು. ಹರಳಿನ ಒಳಗೇ ಒಂದಿಷ್ಟು ನೀರಿದೆ, ಅದು ಹೋದರೆ ಸಾಲು ಕೆಡುತ್ತದೆ, ಚಿಕ್ಕಬಳ್ಳಾಪುರದ ಬಿಸಿಲಿಗೆ ಅದಕ್ಕೂ ಬಾಯಾರುತ್ತದೆ ಎಂದರು. ಕೆಮಿಸ್ಟ್ರಿ ಓದಿದವರಿಗೆ ಮೊದಲಿನಿಂದ ಕಲಿಸುವುದೇ ಎಲ್ಲವನ್ನೂ ಒಣಗಿಸಿ ತೂಗು ಎಂದು. ಈ ಉಪ್ಪಿಗೆ ಆ ಅಭ್ಯಾಸವೇ ವಿಷ. ಅದಕ್ಕೆ ತೇವ ಬೇಕು, ತಂಪು ಬೇಕು, ಅಲುಗಾಟ ಇರಬಾರದು. ಅಂಥ ಜಾಗ ತನಗೆ ಗೊತ್ತಿದೆ, ಶನಿವಾರ ಬಾ ಎಂದರು.

ಆ ಜಾಗ ಶಿಡ್ಲಘಟ್ಟದ ಆಚೆ ಅವರ ಊರಿನಲ್ಲಿ, ಅಣ್ಣನ ರೇಷ್ಮೆ ಹುಳುವಿನ ಮನೆ.

ಶಿಡ್ಲಘಟ್ಟದಲ್ಲಿ ಬಸ್ಸು ಬದಲಿಸುವಾಗಲೇ ನಾನು ಮೂಗಿಗೆ ಕರ್ಚೀಫು ಹಿಡಿದೆ. ನೂಲು ಬಿಚ್ಚುವ ಮನೆಗಳಿಂದ ಬೆಂದ ಹುಳುವಿನ ವಾಸನೆ ಬಂದು ಗಂಟಲಿನಲ್ಲಿ ಕೂರುತ್ತದೆ. ಉಸಿರು ಬಿಟ್ಟರೂ ಹೋಗುವುದಿಲ್ಲ. ಮೋರಿಯಲ್ಲಿ ಹಳದಿ ನೊರೆ. ಒಂದು ಬಾಗಿಲಲ್ಲಿ ಬೆಂದ ಹುಳುಗಳನ್ನು ರಾಶಿ ಹಾಕಿದ್ದರು, ಕೋಳಿಗಳು ಕುಕ್ಕುತ್ತಿದ್ದವು. ಮೇಡಂ ಅದರ ಪಕ್ಕದಲ್ಲೇ ನಿಂತು ಕಡಲೆಕಾಯಿ ಬಿಡಿಸಿ ತಿಂದರು. ನನಗೂ ಒಂದು ಹಿಡಿ ಕೊಟ್ಟರು. ಬ್ಯಾಗಿಗೆ ಹಾಕಿಕೊಂಡು ಆಮೇಲೆ ಎಸೆದೆ.

ಹುಳುವಿನ ಮನೆಯ ಬಾಗಿಲಲ್ಲಿ ಕಾಲು ಅದ್ದಲು ಬ್ಲೀಚಿಂಗ್ ಪೌಡರ್ ನೀರಿನ ತೊಟ್ಟಿ, ಕೈ ತೊಳೆಯಲು ಸೋಪು ಇದ್ದವು. ಸೆಂಟು, ಎಣ್ಣೆ ಹಚ್ಚಿಕೊಂಡವರು ಒಳಗೆ ಬರುವ ಹಾಗಿಲ್ಲ, ಹುಳು ಸಾಯುತ್ತವೆ. ನನ್ನಷ್ಟೇ ಮಡಿ ಮಾಡುವ ಜೀವಿ ಇನ್ನೊಂದು ಇದೆಯಲ್ಲ ಎಂದು ಒಂದು ಕ್ಷಣ ಸಮಾಧಾನವಾಯಿತು. ಒಳಗೆ ಹೋದ ಮೇಲೆ ಉಳಿಯಲಿಲ್ಲ. ತಟ್ಟೆಯ ಮೇಲೆ ತಟ್ಟೆ, ಅವುಗಳ ತುಂಬ ಬಿಳಿಯ ಹುಳುಗಳು ಸೊಪ್ಪು ಮೇಯುತ್ತಿದ್ದ ಸದ್ದು, ಒದ್ದೆ ಗೋಣಿಚೀಲಗಳ ಮುಗ್ಗಲು, ಹಿಕ್ಕೆಯ ಹುಳಿ ವಾಸನೆ. ಮೇಡಂ ಅವರ ಅತ್ತಿಗೆ ತಟ್ಟೆಯಿಂದ ತಲೆಯೆತ್ತಿ, "ರಾಮ್ಮಾ" ಎಂದು ತೆಲುಗಿನಲ್ಲಿ ಒಳಗೆ ಕರೆದು, ಯಾವ ಊರು, ಮನೆಯಲ್ಲಿ ಯಾರಿದ್ದಾರೆ ಎಂದೆಲ್ಲ ಕೇಳಿ, ಯಾವ ಜನ ನೀವು ಎಂದೂ ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಯಾವಾಗಲೂ ಒಂದು ಉತ್ತರ ಸಿದ್ಧವಿರುತ್ತದೆ. ಅದನ್ನು ಹೇಳಲು ಬಾಯಿ ತೆರೆಯುವ ಮೊದಲೇ ಮೇಡಂ ಹೇಳಿದರು:

"ಕೆಮಿಸ್ಟ್ರಿ ಜನ, ಅತ್ತಿಗೆ. ನಮ್ಮೋಳೇ."

ಅತ್ತಿಗೆ ಅವರನ್ನು ದಿಟ್ಟಿಸಿ ನೋಡಿ, ಈ ವಯಸ್ಸಿಗೂ ನಿನ್ನ ಬಾಯಿ ಹೋಗಲಿಲ್ಲ ಎಂದು ಮತ್ತೆ ಸೊಪ್ಪು ಹಾಕತೊಡಗಿದರು.

ಹುಳುವಿನ ಕೋಣೆ ದಾಟಿದರೆ ಸೊಪ್ಪು ಇಡುವ ಕೋಣೆ. ಸೊಪ್ಪು ಬಾಡದ ಹಾಗೆ ಅಲ್ಲಿ ಗೋಣಿಗಳನ್ನು ನೆನೆಸಿ ಹೊದಿಸಿರುತ್ತಾರೆ. ಮಧ್ಯಾಹ್ನವೂ ಗವಿಯಂತೆ ತಂಪು. ಸೊಪ್ಪಿನಿಂದ ದೂರಕ್ಕೆ, ಗೋಡೆಗೆ ಮೊಳೆ ಹೊಡೆದ ಒಂದು ಜಾಲರಿ ಬೀರು, ಅದಕ್ಕೆ ಬೀಗ, ಮೇಲೆ ಕೆಂಪು ಅಕ್ಷರದಲ್ಲಿ ‘ವಿಷ’. ಮೇಡಂ ಅವರ ಹರಳು ಬೆಳೆಯುತ್ತಿದ್ದದ್ದು ಅಲ್ಲಿ. ನಾವು ದ್ರಾವಣದ ತಟ್ಟೆಯನ್ನು ಒಳಗಿಟ್ಟು ಬೀಗ ಹಾಕಿ ಹೊರಬರುವಾಗ, ಮೇಡಂ ದಾರಿಯಲ್ಲಿ ಒಂದು ತಟ್ಟೆಯ ಮುಂದೆ ನಿಂತರು. ಒಂದು ಹುಳು ಊದಿಕೊಂಡು ಹಳದಿಯಾಗಿ ತಟ್ಟೆಯ ಅಂಚಿಗೆ ಹರಿಯುತ್ತಿತ್ತು. ಹಾಲುತೊಂಡೆ ರೋಗ ಎಂದು ಹೇಳುತ್ತಲೇ ಎರಡು ಬೆರಳಲ್ಲಿ ಎತ್ತಿದರು. ಅದು ಒಡೆದು ಹಾಲಿನಂಥ ಕೀವು ಅವರ ಮಣಿಕಟ್ಟಿನವರೆಗೆ ಇಳಿಯಿತು.

ನಾನು ಹೊರಗೋಡಿ ತಿಪ್ಪೆಯ ಪಕ್ಕ ವಾಂತಿ ಮಾಡಿದೆ. ಮೇಡಂ ಕೈ ತೊಳೆದು ಬಂದು, ಚೊಂಬಿನಿಂದ ನನ್ನ ಅಂಗೈಗೆ ನೀರು ಹುಯ್ದರು. ನಾನು ಬಾಯಿ ಮುಕ್ಕಳಿಸಿ, ಮುಖ ತೊಳೆದು, ಮತ್ತೆ ಕೈ ತೊಳೆದು, ಕರ್ಚೀಫಿನಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುವುದನ್ನು ನೋಡುತ್ತಾ ನಿಂತಿದ್ದರು.

"ನಿಂಗೆ ಹೇಸಿಗೆ ಜಾಸ್ತಿ ಕಣಮ್ಮ," ಎಂದರು. "ಇರ್ಲಿ. ಬಿಡ್ಬೇಡ. ಕೆಲಸಕ್ಕೆ ಬರುತ್ತೆ."

ಹಂಗಿಸುತ್ತಿದ್ದಾರೆ ಅಂದುಕೊಂಡೆ.

ಆ ಬೀರುವಿನಲ್ಲಿ ಸೂಜಿಗಳು ಎದ್ದವು. ನಾನು ಜೀವನದಲ್ಲಿ ಮುಟ್ಟಿದ ಅತ್ಯಂತ ಸ್ವಚ್ಛವಾದ ವಸ್ತು ಅದು ಎಂದರೆ ಇನ್ನೇನೂ ಹೇಳಬೇಕಾಗಿಲ್ಲ. ಕೂದಲಿಗಿಂತ ತುಸು ದಪ್ಪ, ಹೊಸ ತಾಮ್ರದ ಹೊಳಪು, ಎಲ್ಲ ಅಂಚೂ ನೇರ. ಅದಕ್ಕೆ ಮೀಟರಿನ ತಂತಿ ಅಂಟಿಸುವ ಕೆಲಸ ಮತ್ತೆ ಅವರ ರೀತಿಯದೇ. ಗ್ರಾಫೈಟಿನ ಲೇಪವನ್ನು ಅಷ್ಟು ಸಣ್ಣ ತುದಿಗೆ ಹಚ್ಚಲು ಯಾವ ಕುಂಚವೂ ಆಗದು. ಮೇಡಂ ತಮ್ಮ ಕಣ್ಣಿನ ರೆಪ್ಪೆಕೂದಲು ಒಂದನ್ನು ಕಿತ್ತು, ಬೆಂಕಿಕಡ್ಡಿಯ ತುದಿಗೆ ಅಂಟಿಸಿ, ಅದರಿಂದ ಹಚ್ಚಿದರು. ಮುಂದಿನದಕ್ಕೆ ನಿನ್ನದು ಕೊಡು ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಕಿತ್ತದ್ದಕ್ಕೆ ಮಾತ್ರ ಅಲ್ಲ.

ಉದ್ದಕ್ಕೆ ತಂತಿ ಹಚ್ಚಿದಾಗ ಮೀಟರು ಸಲೀಸಾಗಿ ಓದಿತು. ಅಡ್ಡಕ್ಕೆ ಹಚ್ಚಿದಾಗ ಗಾಜಿಗೆ ಹಚ್ಚಿದಂತೆ ಸುಮ್ಮನಿತ್ತು. ಒಂದೇ ಹರಳು. ಮೇಡಂ ಪ್ರತಿ ವರ್ಷ ಇದನ್ನು ನೋಡಿದವರು, ಆದರೂ ಬಗ್ಗಿ ಮೀಟರಿನ ಮುಖ ನೋಡಿ, "ಉದ್ದಕ್ಕೆ ಲೋಹ, ಅಡ್ಡಕ್ಕೆ ಉಪ್ಪು," ಎಂದು ಹಾಡಿನ ಹಾಗೆ ಹೇಳಿಕೊಂಡರು. ತಣ್ಣಗೆ ಮಾಡುತ್ತಾ ಹೋದರೆ ನಿಜವಾದ ಲೋಹದಂತೆ ಇನ್ನೂ ಚೆನ್ನಾಗಿ ಹರಿಯುವ ಬದಲು ಇದು ಕುಗ್ಗುತ್ತದೆ. ಚಳಿಗೆ ಸಾಲಿನ ಪ್ಲಾಟಿನಂಗಳು ಸಮದೂರ ಬಿಟ್ಟು ಅಲ್ಲಲ್ಲಿ ಹತ್ತಿರ ಸರಿದು ದಾರಿ ಕಟ್ಟಿಹೋಗುತ್ತದೆ. ನನ್ನ ಗ್ರಾಫು ಇಳಿದದ್ದು ಕಂಡು ನಾನು ಹೆದರಿದೆ. ಇಳಿಯಲಿ, ಅದು ಇಳಿಯುವುದೇ, ಎತ್ತಲು ಹೋಗಬೇಡ ಎಂದರು.

ಆ ತಿಂಗಳು ಕಾಲೇಜಿಗೆ ತಪಾಸಣೆಯ ಸಮಿತಿ ಬರುವುದಿತ್ತು. ಎಂಎಸ್ಸಿ ವಿಭಾಗ ಮುಂದುವರಿಯಬೇಕೋ ಬೇಡವೋ ಎಂದು ಅವರು ನಿರ್ಧರಿಸುತ್ತಾರೆ ಎಂದು ಎಲ್ಲರಿಗೂ ಗಾಬರಿ. ಏರ್ಪಾಡು ನೋಡಿಕೊಳ್ಳಲು ನಮ್ಮ ವಿಭಾಗದ ಇನ್ನೊಬ್ಬ ಮೇಷ್ಟ್ರನ್ನು ಸಂಯೋಜಕರು ಎಂದು ನೇಮಿಸಿದರು. ಬಿಳಿ ಶರ್ಟು, ಹಿತವಾದ ಸೆಂಟು, ಕತ್ತರಿಸಿದ ಶುಭ್ರ ಉಗುರುಗಳು. ಮೇಜು ಮುಟ್ಟುವ ಮುಂಚೆ ಸ್ಯಾನಿಟೈಸರ್ ಹಚ್ಚಿ ಒರೆಸುತ್ತಿದ್ದರು. ನಿಜ ಹೇಳಬೇಕೆಂದರೆ ಇಡೀ ವಿಭಾಗದಲ್ಲಿ ನಾನು ಅಳುಕಿಲ್ಲದೆ ಪಕ್ಕದಲ್ಲಿ ನಿಲ್ಲಬಹುದಾಗಿದ್ದ ಒಬ್ಬರೇ ಮೇಷ್ಟ್ರು ಅವರು. ನಮ್ಮ ಹರಳಿನಿಂದ ಒಂದು ಸಣ್ಣ ಎಲ್‌ಇಡಿ ದೀಪ ಹತ್ತಿಸಿ ತೋರಿಸಬೇಕು ಎಂದು ಅವರೇ ಯೋಚಿಸಿದ್ದು. ಮೇಡಂ ಒಪ್ಪಿದರು. ಸಮಿತಿ ಬರುವ ಹಿಂದಿನ ಸಂಜೆ ನಾವು ಸೂಜಿಗಳನ್ನು ಒಂದು ಟಿಫಿನ್ ಡಬ್ಬಿಯಲ್ಲಿ, ಒದ್ದೆ ಗೋಣಿಯ ತುಂಡಿನ ಮೇಲೆ ಜಾಲರಿ ಇಟ್ಟು, ಊರಿನಿಂದ ತಂದು ಲ್ಯಾಬಿನಲ್ಲಿಟ್ಟೆವು.

ಬೆಳಗ್ಗೆ ನಾನು ಹೋದಾಗ ಡಬ್ಬಿ ಸಿಂಕಿನಲ್ಲಿ ಖಾಲಿ ಬಿದ್ದಿತ್ತು. ಗೋಣಿ ತುಂಡು ಕಸದ ಬುಟ್ಟಿಯಲ್ಲಿತ್ತು. ಸೂಜಿಗಳು ಒಂದು ತೊಳೆದ ವಾಚ್‌ಗ್ಲಾಸಿನಲ್ಲಿ, ಬಿಸಿ ಓವನ್ನಿನ ಒಳಗೆ, ತೊಗಲು ಸುಲಿದ ಹಾಗೆ ಪೇಲವವಾಗಿ ಸೀಳಿಕೊಂಡಿದ್ದವು. ಸಂಯೋಜಕರಿಗೆ ನಿಜಕ್ಕೂ ತಾವು ಉಪಕಾರ ಮಾಡಿದ್ದೇವೆ ಎಂಬ ಭಾವನೆಯಿತ್ತು. ಇದೇನು ಹೊಲಸು ಗೋಣಿ, ವಾಸನೆ, ಕೆಮಿಸ್ಟ್ರಿಯವರು ಸ್ಯಾಂಪಲ್ ಒಣಗಿಸದೆ ಇಡುತ್ತಾರಾ ಎಂದರು. ಅದು ಸತ್ತಿದೆ ಸರ್, ಇನ್ನು ದೀಪ ಹತ್ತುವುದಿಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಹರಳನ್ನೂ ಗಡಿಯಾರವನ್ನೂ ನೋಡಿದರು. ಆಮೇಲೆ ಹೊರಗೆ ಹೋಗಿ, ಒಂದು ಹಳೆಯ ಚಾರ್ಜರಿನ ವೈರ್ ಸುಲಿದು, ಅದರೊಳಗಿನ ಒಂದೇ ಒಂದು ತಾಮ್ರದ ಎಳೆಯನ್ನು ಚಿಮ್ಮಟದಲ್ಲಿ ಹಿಡಿದು ತಂದು, ಹರಳಿನ ಜಾಗದಲ್ಲಿ ಇಟ್ಟರು. ದೀಪ ಹತ್ತಿತು.

ಇದು ನನ್ನ ಹರಳಲ್ಲ ಎಂದೆ.

"ಕಲರ್ ಒಂದೇ ಅಲ್ವೇನಮ್ಮ," ಎಂದರು, ಬಹಳ ಮೃದುವಾಗಿ. "ಡಿಪಾರ್ಟ್‌ಮೆಂಟ್ ಉಳೀಬೇಕಾ ಬೇಡ್ವಾ? ನೀನೇ ಸ್ವಿಚ್ ಒತ್ತು. ಪ್ರಾಜೆಕ್ಟ್ ನಿಂದು."

ಅವರ ಶುಭ್ರವಾದ ಬೆರಳು ಸ್ವಿಚ್ಚಿನ ಕಡೆ ತೋರಿಸುತ್ತಿತ್ತು. ತಿಪ್ಪೆಯ ಪಕ್ಕ ಗಂಟಲಿಗೆ ಬಂದದ್ದೇ ಮತ್ತೆ ಬಂತು; ಸೆಂಟಿನ ವಾಸನೆಗೆ. ನಾನು ಕೈ ಹಿಂದೆ ಕಟ್ಟಿಕೊಂಡೆ. ಒತ್ತುವುದಿಲ್ಲ ಎಂದೆ. ಅವರು ಭುಜ ಹಾರಿಸಿ, ತಾವೇ ಒತ್ತುವುದಾಗಿ ಹೇಳಿದರು. ಅಷ್ಟರಲ್ಲಿ ಮೇಡಂ ಊರಿನ ಬಸ್ಸಿಳಿದು, ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ಬಂದರು. ನಾನು ಓವನ್ನಿನ ಕಡೆ ನೋಡಿದೆ, ಮೇಜಿನ ಕಡೆ ನೋಡಿದೆ. ಅವರಿಗೆ ಅಷ್ಟೇ ಸಾಕಾಯಿತು. ಅವರ ಹಿಂದೆಯೇ ಸಮಿತಿಯವರು ಒಳಗೆ ಬಂದರು.

ಸಂಯೋಜಕರು ಸ್ವಿಚ್ ಒತ್ತಿದರು. ದೀಪ ಹತ್ತಿತು. ಪ್ಲಾಟಿನಂ, ಏಕಮುಖ ವಾಹಕ, ನಮ್ಮ ಗ್ರಾಮೀಣ ಪ್ರತಿಭೆ ಎಂದೆಲ್ಲ ಹೇಳಿದರು. ಸಮಿತಿಯ ಅಧ್ಯಕ್ಷರ ಕೈಯಲ್ಲಿ ಗೋಡಂಬಿ ಇತ್ತು. ಅದನ್ನು ಬಾಯಿಗೆ ಹಾಕಿಕೊಂಡು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಪ್ರಿನ್ಸಿಪಾಲರು ಮೊಬೈಲಿನಲ್ಲಿ ಫೋಟೊ ತೆಗೆದರು.

ಮೇಡಂ ಒಂದು ಬೀಕರಿನಲ್ಲಿ ನೀರು ತಂದು ಮೇಜಿನ ಮೇಲಿಟ್ಟರು. ಅವರಿಗೆ ನಿವೃತ್ತಿಗೆ ಕೆಲವೇ ತಿಂಗಳಿತ್ತು. ಆ ವಿಭಾಗವನ್ನು ಒಂದು ತಕ್ಕಡಿ, ಎರಡು ಬೆಂಚುಗಳಿಂದ ಕಟ್ಟಿದವರೇ ಅವರು. ಅದು ಮುಚ್ಚಿದರೆ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವರೂ ಅವರೇ.

"ಒಂದ್ನಿಮಿಷ ಸರ್," ಎಂದರು. "ಇದು ನಮ್ದಲ್ಲ. ನಮ್ದು ನೀರಲ್ಲಿ ಕರಗುತ್ತೆ."

ಆ ಕಪ್ಪು ಉಗುರುಗಳಿಂದ ತಂತಿಯನ್ನು ಎತ್ತಿ ನೀರಿಗೆ ಬಿಟ್ಟರು. ಅದು ತಳಕ್ಕೆ ಹೋಗಿ ಮಲಗಿತು. ಕಡ್ಡಿಯಿಂದ ಕಲಕಿದರು. ಸುತ್ತಿ ಬಂದು ಮತ್ತೆ ಮಲಗಿತು. ಎಲ್ಲರೂ ನೋಡುತ್ತಿದ್ದರು. ಆಮೇಲೆ ಓವನ್ನಿನಿಂದ ಸತ್ತ ಹರಳುಗಳನ್ನು ತಂದು ಇನ್ನೊಂದು ಬೀಕರಿಗೆ ಹಾಕಿದರು. ಅವು ಕಾಣದಾದವು.

ಈಗ ಏನಾಗುತ್ತದೋ ಎಂದು ನಾನು ಅಧ್ಯಕ್ಷರ ಮುಖ ನೋಡಿದೆ. ಆದದ್ದು ಏನೂ ಇಲ್ಲ. ಅಧ್ಯಕ್ಷರು ಗೋಡಂಬಿ ಅಗಿಯುತ್ತಾ, ಮೇಡಂ ಬಹಳ ಸ್ಟ್ರಿಕ್ಟು ಎಂದು ನಕ್ಕರು. ಪ್ರಿನ್ಸಿಪಾಲರು ನಕ್ಕರು. ಸಂಯೋಜಕರೂ ನಕ್ಕರು, ಅವರ ನಗುವಿನಲ್ಲಿ ನಾಚಿಕೆಯ ಒಂದು ಎಳೆಯೂ ಇರಲಿಲ್ಲ. ಊಟಕ್ಕೆ ಹೊತ್ತಾಯಿತು ಎಂದು ಎಲ್ಲರೂ ಹೊರಟರು. ನಂತರ ಬಂದ ವರದಿಯಲ್ಲಿ ವಿಭಾಗದ ಪ್ಲಾಟಿನಂ ಸಂಶೋಧನೆಗೆ ವಿಶೇಷ ಮೆಚ್ಚುಗೆ ಇತ್ತು. ವಿಭಾಗ ಉಳಿಯಿತು. ಲ್ಯಾಬಿನ ಕೀಲಿ ಮೇಡಂ ಅವರಿಂದ ಸಂಯೋಜಕರ ಕೈಗೆ ಹೋಯಿತು. ಸಮಿತಿಯವರು ಶಿಕ್ಷೆ ಕೊಟ್ಟಿದ್ದರೆ ನನಗೆ ಅಷ್ಟು ಅಸಹ್ಯವಾಗುತ್ತಿರಲಿಲ್ಲ. ನೋಡಿದ್ದನ್ನು ನುಂಗಿಕೊಂಡು, ಬಾಯಿ ಒರೆಸಿಕೊಂಡು, ಅದರ ಮೇಲೆಯೇ ಊಟ ಮಾಡಿದರಲ್ಲ, ಅದು.

ಅವರೆಲ್ಲ ಹೋದ ಮೇಲೆ ಮೇಡಂ ಎರಡನೆಯ ಬೀಕರನ್ನು ಬೆಳಕಿಗೆ ಹಿಡಿದರು. ಬರೀ ನೀರು. ನನ್ನ ಒಂದು ಬೇಸಿಗೆಯ ಕೆಲಸ ಅದರಲ್ಲಿತ್ತು. ನನ್ನ ಮುಖ ನೋಡಿ ಹೇಳಿದರು:

"ಎಲ್ಲೂ ಹೋಗಿಲ್ಲ ಕಣೇ. ಇಲ್ಲೇ ಇದೆ."

ಮತ್ತೆ ಸೊಪ್ಪಿನ ಕೋಣೆಗೆ ಹೋದೆವು. ಮತ್ತೆ ಬೆಳೆಸಿದೆ, ಅಳೆದೆ. ಇಳಿಯುವ ಗ್ರಾಫನ್ನು ಇಳಿಯುವ ಹಾಗೆಯೇ ಹಾಕಿದೆ. ದೀಪದ ಫೋಟೊ ಪ್ರಾಜೆಕ್ಟಿನಲ್ಲಿ ಸೇರಿಸು ಎಂದು ಸಂಯೋಜಕರು ಹೇಳಿ ಕಳಿಸಿದರು, ಸೇರಿಸಲಿಲ್ಲ. ಅಂಕ ಕಡಿಮೆ ಬಂತು. ಅಪ್ಪ ಯಾಕೆ ಎಂದು ಕೇಳಿದಾಗ ಇಡೀ ಕಥೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಆ ಮೇಡಂ ಅವರನ್ನು ಒಂದು ದಿನ ಮನೆಗೆ ಕರೆದುಕೊಂಡು ಬಾ ಎಂದರು. ಅದು ಆಗಲಿಲ್ಲ.

ಮೇಡಂ ನಿವೃತ್ತರಾದ ದಿನ ಸೀಸೆ ನನ್ನ ಕೈಗೆ ಬಂತು. ಮುಂದಿನ ಹುಡುಗರು ಇಲ್ಲಿಲ್ಲ, ನೀನು ಪಾಠ ಮಾಡುವ ಕಡೆ ಸಿಗುತ್ತಾರೆ ಎಂದರು. ನಾನು ಗೌರಿಬಿದನೂರಿನಲ್ಲಿ ಅತಿಥಿ ಉಪನ್ಯಾಸಕಿಯಾದೆ. ಮೊದಲೇ ಇದ್ದ ಮೇಡಂ ಅವರ ಕೆಮ್ಮು ಶ್ವಾಸಕೋಶದ ಕಾಯಿಲೆ ಎಂದು ತಿಳಿದಾಗ ತಡವಾಗಿತ್ತು. ಆಸ್ಪತ್ರೆಯಲ್ಲಿ ಅವರ ಉಗುರುಗಳು ಬೆಳೆದು, ಕಪ್ಪು ತುದಿಗೆ ಬಂದಿತ್ತು. ನರ್ಸು ಅದನ್ನೂ ಕತ್ತರಿಸಿ ಹಾಕಿದ್ದಳು. ಶುಭ್ರವಾದ ಆ ಬೆರಳುಗಳನ್ನು ನೋಡಿ ಬೇರೆ ಯಾರದೋ ಕೈ ಅನ್ನಿಸಿತು. ಈ ಸಲದ ಹರಳು ಎದ್ದಿದೆಯಾ ಎಂದು ಕೇಳಿದರು. ಇನ್ನೂ ಇಟ್ಟಿಲ್ಲ ಎಂದೆ. ಇಡು ಎಂದರು. ಅದೇ ಕೊನೆಯ ಭೇಟಿ.

ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಮಾಡಿದರು. ಪ್ರಿನ್ಸಿಪಾಲರು ಅವರನ್ನು ತಾಯಿ ಎಂದರು. ಸಂಯೋಜಕರು ಗುರು ಎಂದರು, ಸತ್ಯನಿಷ್ಠೆ ಎಂದರು, ಗಂಟಲು ತುಂಬಿ ಬಂದಂತೆ ಸ್ವಲ್ಪ ನಿಲ್ಲಿಸಿದರು ಕೂಡ. ಮೇಡಂ ಅವರ ಫೋಟೊ ಮುಂದೆ ಒಂದು ಗಾಜಿನ ಪೆಟ್ಟಿಗೆ, ಒಳಗೆ ನೀಲಿ ಮಖಮಲ್ಲು. ‘ಮೇಡಂ ಬೆಳೆಸಿದ ಪ್ಲಾಟಿನಂ ಹರಳು’ ಎಂಬ ಚೀಟಿಯ ಕೆಳಗೆ ಆ ಚಾರ್ಜರಿನ ಎಳೆ. ಯಾರೋ ಅದನ್ನು ಬೀಕರಿನಿಂದ ತೆಗೆದು ಇಷ್ಟು ದಿನ ಜೋಪಾನ ಮಾಡಿದ್ದರು. ತಾಮ್ರಕ್ಕೆ ಹಸಿರು ಕಿಲುಬು ಹತ್ತಿತ್ತು.

ಹೂ ಹಾಕಲು ಸಾಲು ಬಿಟ್ಟಾಗ ನಾನೂ ಹೋದೆ. ಪೆಟ್ಟಿಗೆಯ ಮುಚ್ಚಳ ತೆಗೆದು, ಎಳೆಯನ್ನು ಎರಡು ಬೆರಳಲ್ಲಿ ಎತ್ತಿ, ಬಾಗಿಲ ಬಳಿ ಕಾಫಿ ಕುಡಿದ ಎಂಜಲು ಲೋಟಗಳನ್ನು ಹಾಕಿದ್ದ ಬುಟ್ಟಿಗೆ ಹಾಕಿದೆ. ಸಂಯೋಜಕರು ನೋಡಿದರು. ನಾನು ನಲ್ಲಿಗೆ ಹೋಗಿ ಕೈ ತೊಳೆದೆ.

ಮುಂದಿನ ಶನಿವಾರ ಸೀಸೆ ಹಿಡಿದುಕೊಂಡು ಮೇಡಂ ಅವರ ಊರಿಗೆ ಹೋದೆ. ಶಿಡ್ಲಘಟ್ಟದ ವಾಸನೆ ಹಾಗೇ ಇತ್ತು. ನಾನು ಕರ್ಚೀಫು ಹಿಡಿದದ್ದೂ ಹಾಗೇ. ಅತ್ತಿಗೆ ಬೀರುವಿನ ಕೀಲಿಯನ್ನು ಸೊಂಟದಿಂದ ಬಿಚ್ಚಿ ಕೊಟ್ಟರು. ಎಷ್ಟೋ ವಾರ ನಾನು ಬಂದು ಹೋಗುತ್ತಿದ್ದೆ, ಅವರು ಗೋಣಿ ನೆನೆಸುತ್ತಿದ್ದರು. ಸೂಜಿಗಳು ಪೂರ್ತಿ ಬೆಳೆದಾಗ ಅವರೂ ಬಂದು ಬಗ್ಗಿ ನೋಡಿದರು. ಇಷ್ಟು ವರ್ಷ ಮನೆಯಲ್ಲೇ ಬೆಳೆದದ್ದನ್ನು ಅವರು ಅಂದೇ ಮೊದಲು ಹತ್ತಿರದಿಂದ ನೋಡಿದ್ದು. ಸರಕ್ಕೆ ಹಾಕಬಹುದಾ ಎಂದು ಕೇಳಿದರು.

ಬ್ರೋಮಿನ್ ಎಷ್ಟಿದೆ ಎಂದು ಒಂದು ಸೂಜಿಯನ್ನು ನಾನು ಹಿಂದಿನ ವಾರವೇ ನಾನು ಪಾಠ ಮಾಡುವ ಕಾಲೇಜಿನಲ್ಲಿ ನೋಡಿದ್ದೆ. ಗ್ಲೌಸ್ ಹಾಕಿದರೆ ಬ್ಯುರೆಟ್ಟಿನ ಕೀಲಿ ಬೆರಳಿಗೆ ತಿಳಿಯದು ಎಂಬುದು ನಿಜ. ಉಳಿದವುಗಳಲ್ಲಿ ಒಂದನ್ನು ಎತ್ತಿ, ಬೀರುವಿನಲ್ಲೇ ಇಟ್ಟಿದ್ದ ಗಾಜಿನ ಲೋಟದ ನೀರಿಗೆ ಬಿಟ್ಟೆ. ತಾಮ್ರದ ಬಣ್ಣ ತುದಿಯಿಂದ ಸವೆಯುತ್ತಾ ಬಂದು, ಒಂದು ಗೆರೆಯಾಗಿ, ಇಲ್ಲವಾಯಿತು.

"ಅಯ್ಯೋ, ಹೋಯ್ತಲ್ಲಮ್ಮಾ," ಎಂದರು ಅತ್ತಿಗೆ.

"ಎಲ್ಲೂ ಹೋಗಿಲ್ಲ," ಎಂದೆ. "ಇಲ್ಲೇ ಇದೆ."

ಅತ್ತಿಗೆ ಬಗ್ಗಿ ಲೋಟದೊಳಗೆ ನೋಡಿದರು. ಸೆರಗಿನಿಂದ ಮೂಗು ಒರೆಸಿಕೊಂಡರು. ಆಮೇಲೆ ಬಾ, ಉಣ್ಣು, ಬಸ್ಸಿಗೆ ಹೊತ್ತಾಗುತ್ತದೆ ಎಂದು ಒಳಗೆ ಹೋದರು.

ನಾನು ಹರಳು ಕರಗಿದ ನೀರನ್ನು ಸೀಸೆಗೆ ಹುಯ್ದು, ಲೋಟ ತೊಳೆದ ನೀರನ್ನೂ ಅದಕ್ಕೇ ಸೇರಿಸಿ, ಬೀರುವಿಗೆ ಬೀಗ ಹಾಕಿದೆ. ಸೋಪು ಹಾಕಿ ಕೈ ತಿಕ್ಕಿದೆ, ಮತ್ತೆ ತಿಕ್ಕಿದೆ. ಹೆಬ್ಬೆರಳ ಉಗುರು ಕಪ್ಪಗೇ ಇತ್ತು. ಅಡುಗೆಮನೆಯಲ್ಲಿ ಅತ್ತಿಗೆ ಮುದ್ದೆ ಇಟ್ಟು, ಉಪ್ಸಾರು ಬಿಟ್ಟು ಕಾಯುತ್ತಿದ್ದರು. ಕುಳಿತೆ. ಆ ಕೈಯಿಂದಲೇ ಮುರಿದು ತಿಂದೆ.